ಮಾತ್ರೆ ಶುರು ಮಾಡಿದ ಮೇಲೆ ಮನಸ್ಸು ಇನ್ನೂ ಕೆಟ್ಟಿತೇ?

ಖಿನ್ನತೆಗೆಂದು ಕೊಟ್ಟ ಮಾತ್ರೆ ನುಂಗಿದ ಮೊದಲ ವಾರವೇ ಎದೆ ಡವಡವ, ನಿದ್ದೆ ಇಲ್ಲ, ಅಳು ಜಾಸ್ತಿ. “ಇದ್ಯಾವ ಔಷಧಿ?” ಅಂತ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆಯುವ ಮುನ್ನ ಇದನ್ನೊಮ್ಮೆ ಓದಿ.

ಬೆಳಗಿನ ಹನ್ನೊಂದು ಗಂಟೆ. ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋಗಿಯಾಗಿತ್ತು. ಬಟ್ಟೆ ಒಣಹಾಕುತ್ತಿದ್ದಾಗ ಗೆಳತಿಯ ಫೋನ್ ಬಂತು. ದನಿ ನಡುಗುತ್ತಿತ್ತು.

“ಲೇ, ಡಾಕ್ಟರು ಕೊಟ್ಟ ಮಾತ್ರೆ ತಗೊಂಡು ಇವತ್ತಿಗೆ ಆರು ದಿನ ಆಯ್ತು ಕಣೇ. ಮೊದಲು ಬರೀ ಬೇಜಾರಿತ್ತು. ಈಗ ಎದೆ ಹೊಡ್ಕೊಳತ್ತೆ, ಕೂತಲ್ಲಿ ಕೂರಕ್ಕಾಗಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ಕಣ್ಣು ಮುಚ್ಚಲ್ಲ. ಇದು ವಾಸಿ ಮಾಡೋ ಮಾತ್ರೆನಾ, ಹುಚ್ಚು ಹಿಡಿಸೋ ಮಾತ್ರೆನಾ? ಬೆಳಗ್ಗೆ ಎತ್ತಿ ಡಸ್ಟ್‌ಬಿನ್ನಿಗೆ ಹಾಕ್ಬಿಟ್ಟೆ.”

ಯೋಚಿಸಿ ನೋಡಿ. ನಾಲ್ಕು ತಿಂಗಳು ಒಳಗೊಳಗೇ ಕೊರಗಿ, “ಏನಿಲ್ಲ, ಸ್ವಲ್ಪ ಸುಸ್ತು ಅಷ್ಟೇ” ಅಂತ ಎಲ್ಲರಿಗೂ ಹೇಳಿಕೊಂಡು ಬಂದು, ಕೊನೆಗೆ ತಾನೇ ಧೈರ್ಯ ಮಾಡಿ ಮನೋವೈದ್ಯರ ಹತ್ತಿರ ಹೋದವಳು ಅವಳು. “ಮಾತ್ರೆ ಗೀತ್ರೆ ಯಾಕಮ್ಮಾ, ಮನಸ್ಸು ಗಟ್ಟಿ ಮಾಡ್ಕೋ” ಎಂದ ಅತ್ತೆಯ ಮಾತನ್ನೂ ಮೀರಿ ಚಿಕಿತ್ಸೆ ಶುರು ಮಾಡಿದ್ದಳು. ಈಗ ಆ ಮಾತ್ರೆಯೇ ಕೈಕೊಟ್ಟಿದೆ ಎಂದರೆ ಮನೆಯವರು ಏನಂದಾರು? ಆ ಭಯಕ್ಕೆ ಗಂಡನಿಗೂ ಹೇಳಿರಲಿಲ್ಲ.

ನಾನು ಡಾಕ್ಟರಲ್ಲ. ಹಾಗಾಗಿ ಒಂದೇ ಪ್ರಶ್ನೆ ಕೇಳಿದೆ, “ಇದನ್ನ ನಿನ್ನ ಡಾಕ್ಟರಿಗೆ ಹೇಳಿದೆಯಾ?”

“ಇಲ್ಲ. ತೋರಿಸಬೇಕಾಗಿರೋದು ತಿಂಗಳ ಕೊನೆಗಲ್ವಾ?”

ಎಡವಟ್ಟು ಆಗುವುದೇ ಇಲ್ಲಿ. ತೊಂದರೆ ಶುರುವಾಗುವುದು ಆರನೇ ದಿನ, ನಾವು ಹೇಳುವುದು ಮೂವತ್ತನೇ ದಿನ. ನಡುವಿನ ಇಪ್ಪತ್ನಾಲ್ಕು ದಿನದಲ್ಲಿ ಕೆಲವರು ಮಾತ್ರೆ ಬಿಟ್ಟುಬಿಡುತ್ತಾರೆ. ಕೆಲವರು ಹಲ್ಲು ಕಚ್ಚಿಕೊಂಡು ಸಹಿಸುತ್ತಾರೆ. ಸಹಿಸಬಾರದ್ದನ್ನು ಸಹಿಸಿ ಅಪಾಯಕ್ಕೆ ಸಿಲುಕುವವರೂ ಇದ್ದಾರೆ. ಹಾಗಾದರೆ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲ ಹದಿನೈದು ದಿನ ಯಾಕೆ ಹೀಗೆ?

ಇವತ್ತು ಖಿನ್ನತೆಗೆ ವೈದ್ಯರು ಹೆಚ್ಚಾಗಿ ಮೊದಲು ಬರೆದುಕೊಡುವುದು ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆಗಳನ್ನು. ಎಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಇವೆಲ್ಲ ಅದೇ ಗುಂಪಿನವು. ನಿಮ್ಮ ಸ್ಟ್ರಿಪ್ಪಿನ ಮೇಲೆ ಕಂಪನಿಯವರು ಇಟ್ಟ ಹೆಸರಿರುತ್ತದೆ. ಅದರ ಜೊತೆಗೇ ಒಳಗಿನ ಔಷಧಿಯ ಹೆಸರೂ ಇರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈ ಮಾತ್ರೆಗಳು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಆ ಕೆಲಸ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಆದರೆ ಮನಸ್ಸು ಹಗುರಾಗಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಪೂರ್ತಿ ಫಲ ಕಾಣಲು 6ರಿಂದ 8 ವಾರವೂ ಹಿಡಿಯಬಹುದು. ಬದಲಾದ ಸ್ಥಿತಿಗೆ ಮೆದುಳು ನಿಧಾನವಾಗಿ ಹೊಂದಿಕೊಳ್ಳಬೇಕಲ್ಲ, ಅದಕ್ಕೇ ಈ ತಡ. (ಸೆರೊಟೋನಿನ್ ಕಮ್ಮಿಯಾದದ್ದೇ ಖಿನ್ನತೆಗೆ ಕಾರಣ ಎಂದು ಹಿಂದೆ ಸರಳವಾಗಿ ಹೇಳಿಬಿಡುತ್ತಿದ್ದರು. ವಿಷಯ ಅಷ್ಟು ಸರಳವಲ್ಲ ಎಂದು ಈಗ ವಿಜ್ಞಾನಿಗಳೇ ಹೇಳುತ್ತಾರೆ. ಆದರೂ ಈ ಮಾತ್ರೆಗಳಿಂದ ಅನೇಕರಿಗೆ ಗುಣ ಕಂಡಿರುವುದು ನಿಜ.)

ತಮಾಷೆ ಏನೆಂದರೆ, ಗುಣ ನಿಧಾನವಾಗಿ ಬರುತ್ತದೆ, ಅಡ್ಡಪರಿಣಾಮ ಮಾತ್ರ ಮೊದಲೇ ಬಂದು ಬಾಗಿಲು ತಟ್ಟುತ್ತದೆ! ನಮ್ಮ ದೇಹದಲ್ಲಿರುವ ಸೆರೊಟೋನಿನ್‌ನ ಬಹುಪಾಲು ಇರುವುದು ತಲೆಯಲ್ಲಲ್ಲ, ಕರುಳಿನಲ್ಲಿ. ಅದಕ್ಕೇ ಮಾತ್ರೆ ಶುರು ಮಾಡಿದವರಿಗೆ ವಾಕರಿಕೆ, ಹೊಟ್ಟೆ ತೊಳಸುವುದು, ಭೇದಿ ಕಾಣಿಸಿಕೊಳ್ಳುವುದು. ಜೊತೆಗೆ ತಲೆನೋವು, ಬಾಯಿ ಒಣಗುವುದು, ಬೆವರು, ಸಣ್ಣ ನಡುಕ, ನಿದ್ದೆ ಕೆಡುವುದು ಅಥವಾ ವಿಪರೀತ ತೂಕಡಿಕೆ. ಕೆಲವರಿಗೆ ಆತಂಕವೂ ಮೊದಲ ದಿನಗಳಲ್ಲಿ ಹೆಚ್ಚಾಗುತ್ತದೆ. ಮೊದಲಿನಿಂದ ಗಾಬರಿಯ ಸ್ವಭಾವ ಇದ್ದವರಲ್ಲಿ ಇದು ಇನ್ನೂ ಜಾಸ್ತಿ. “ರೋಗವೇ ಹೆಚ್ಚಾಯ್ತು” ಅಂತ ನಮಗನ್ನಿಸುವುದು ಇದರಿಂದಲೇ.

ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಹಾಗಂತ ಬಾಯಿ ಮುಚ್ಚಿಕೊಂಡು ಸಹಿಸಬೇಕಾಗಿಲ್ಲ. ಡೋಸ್ ಕಡಿಮೆಯಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು, ಮೊದಲ ಕೆಲವು ದಿನಕ್ಕೆ ಮಾತ್ರ ನಿದ್ದೆಗೆ, ಆತಂಕಕ್ಕೆ ಬೇರೆ ಮಾತ್ರೆ ಸೇರಿಸುವುದು ಇಂಥ ದಾರಿಗಳು ವೈದ್ಯರ ಬಳಿ ಇವೆ. ನೀವು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು?

ಮನೆಯಲ್ಲೇ ಮಾಡಬಹುದಾದ ಸಣ್ಣ ಉಪಾಯ

ವಾಕರಿಕೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ಬೇಡ. ತಿಂಡಿ ಆದ ಮೇಲೋ ಊಟದ ಜೊತೆಗೋ ತಗೊಳ್ಳಿ. ಒಂದೇ ಸಲ ಹೊಟ್ಟೆ ತುಂಬ ತಿನ್ನುವ ಬದಲು ಸ್ವಲ್ಪ ಸ್ವಲ್ಪ ತಿನ್ನಿ. ಮೊಸರನ್ನ, ಇಡ್ಲಿ, ಗಂಜಿ ಈ ದಿನಗಳಿಗೆ ಒಳ್ಳೆಯ ಜೊತೆ.

ನಿದ್ದೆ ಕೆಡುತ್ತಿದ್ದರೆ ಮಾತ್ರೆಯನ್ನು ರಾತ್ರಿಯಿಂದ ಬೆಳಗ್ಗೆಗೆ ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ. ತೂಕಡಿಕೆ ಇದ್ದರೆ ಬೆಳಗ್ಗೆಯದನ್ನು ರಾತ್ರಿಗೆ. ಇಷ್ಟು ಸಣ್ಣ ಬದಲಾವಣೆಯಿಂದಲೇ ಎಷ್ಟೋ ಜನರಿಗೆ ಹಾಯೆನಿಸಿದೆ.

ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಕಷ್ಟ, ಗೊತ್ತು! ಆದರೆ ಎದೆ ಡವಡವ ಅನ್ನುವಾಗ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದರೆ ಡವಡವ ಇನ್ನೂ ಏರುತ್ತದೆ, ಬೈಗುಳ ಮಾತ್ರೆಗೆ ಬೀಳುತ್ತದೆ.

ತಲೆ ತಿರುಗುತ್ತಿದ್ದರೆ ಹಾಸಿಗೆಯಿಂದ ದಡಕ್ಕನೆ ಏಳಬೇಡಿ. ಮಾತ್ರೆಗೆ ದೇಹ ಒಗ್ಗುವವರೆಗೆ ಸ್ಕೂಟಿ ಬದಿಗಿಡಿ, ಮಗುವನ್ನು ಸ್ಕೂಲಿಂದ ಕರೆತರಲು ಬೇರೆಯವರಿಗೆ ಹೇಳಿ. ಹಬ್ಬದ ಅಡುಗೆ, ನೆಂಟರ ಊಟ ಇವನ್ನೆಲ್ಲ ಎರಡು ವಾರ ಮುಂದೂಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ತಲೆನೋವು, ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಕೇಳಿ ತರುವ ನೋವಿನ ಮಾತ್ರೆ ಬಗ್ಗೆ ಎಚ್ಚರ. ಐಬುಪ್ರೊಫೇನ್, ಆಸ್ಪಿರಿನ್‌ನಂಥವು ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಹೃದಯಕ್ಕೆಂದು ಡಾಕ್ಟರೇ ಬರೆದುಕೊಟ್ಟ ಆಸ್ಪಿರಿನ್ ಆದರೆ ನೀವಾಗಿ ಬಿಡಬೇಡಿ, ಆದರೆ ಮನೋವೈದ್ಯರಿಗೆ ತಿಳಿಸಿ. ಟ್ರಾಮಡಾಲ್ ಎಂಬ ನೋವಿನ ಔಷಧಿ, ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಮೈಗ್ರೇನಿಗೆ ಕೊಡುವ ಕೆಲವು ಮಾತ್ರೆಗಳನ್ನೂ ಕೇಳದೆ ಸೇರಿಸಬಾರದು. ಆಯುರ್ವೇದ, ಹೋಮಿಯೋಪಥಿ, ಯಾರೋ ಹೇಳಿದ ಬೇರು ಸೊಪ್ಪಿನ ಪುಡಿ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಕಾಯಬಾರದ ಸಂಗತಿಗಳು

ಇದು ಈ ಲೇಖನದ ಮುಖ್ಯ ಭಾಗ. ದಯವಿಟ್ಟು ಅವಸರದಲ್ಲಿ ಓದಬೇಡಿ. ಕೆಳಗಿನವು ಕಂಡರೆ “ಎರಡು ವಾರ ಆಗಲಿ, ಸರಿಹೋಗತ್ತೆ” ಅಂತ ಕೂರಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ದರೆ ಆಸ್ಪತ್ರೆಗೆ ಹೋಗಿ.

ಒಂದು, ಬದುಕೇ ಬೇಡ ಎನ್ನುವ ಯೋಚನೆ. ಮೊದಲು ಇಲ್ಲದ್ದು ಈಗ ಬಂದಿದ್ದರೆ, ಅಥವಾ ಮೊದಲಿದ್ದದ್ದು ಹೆಚ್ಚಾಗಿದ್ದರೆ, ಸುಮ್ಮನಿರಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಈ ಮಾತ್ರೆಗಳ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಕಠಿಣ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಿತು. ಮಕ್ಕಳು, ಹದಿಹರೆಯದವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ಸಕ್ಕರೆ ಮಾತ್ರೆ ತಗೊಂಡವರಲ್ಲಿ 100ಕ್ಕೆ 2 ಮಂದಿಗೆ ಅಂಥ ಯೋಚನೆ ಅಥವಾ ವರ್ತನೆ ಕಂಡಿದ್ದರೆ, ನಿಜವಾದ ಮಾತ್ರೆ ತಗೊಂಡವರಲ್ಲಿ 100ಕ್ಕೆ 4 ಮಂದಿಗೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. 24 ದಾಟಿದವರಲ್ಲಿ ಈ ಹೆಚ್ಚಳ ಕಂಡಿಲ್ಲ, 65 ದಾಟಿದವರಲ್ಲಿ ಕಡಿಮೆಯೇ ಆಗಿತ್ತು. ಆದರೂ ಯಾವ ವಯಸ್ಸಿನವರಾದರೂ ಸರಿ, ಮಾತ್ರೆ ಶುರು ಮಾಡಿದ ಮೊದಲ ವಾರಗಳು ಮತ್ತು ಡೋಸ್ ಬದಲಿಸಿದ ದಿನಗಳು ಕಣ್ಣಿಟ್ಟು ನೋಡಬೇಕಾದ ದಿನಗಳು. ಕಾಲೇಜಿಗೆ ಹೋಗುವ ಮಗಳೋ ಮಗನೋ ಈ ಮಾತ್ರೆ ತಗೊಳ್ಳುತ್ತಿದ್ದರೆ ತಾಯಂದಿರು ಇದನ್ನು ನೆನಪಿಡಿ.

ಎರಡು, ನಿಂತಲ್ಲಿ ನಿಲ್ಲಲಾಗದ, ಕೂತಲ್ಲಿ ಕೂರಲಾಗದ ಚಡಪಡಿಕೆ. ಸಾಮಾನ್ಯ ಆತಂಕಕ್ಕಿಂತ ಇದು ಬೇರೆ. ಕಾಲು ತಾನೇ ತಾನಾಗಿ ನಡೆಯಬೇಕು ಅನ್ನಿಸುತ್ತದೆ, ಚರ್ಮದೊಳಗೆ ಏನೋ ಹರಿದಂತಾಗುತ್ತದೆ, ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಟ. ಇದು ತಡೆಯಲಾಗದ ಹಿಂಸೆ. ಮನುಷ್ಯರನ್ನು ದುಡುಕಿಸಬಲ್ಲದು. ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಇದು ಇಳಿಯುತ್ತದೆ. ನನ್ನ ಗೆಳತಿಯ ಮಾತಿನಲ್ಲಿ ನನ್ನನ್ನು ಹೆದರಿಸಿದ್ದು ಇದೇ.

ಮೂರು, ಇದ್ದಕ್ಕಿದ್ದಂತೆ ವಿಪರೀತ ಉತ್ಸಾಹ. ಇದೇನು, ಒಳ್ಳೇದಲ್ವಾ ಅನ್ನಬೇಡಿ! ರಾತ್ರಿ ಎರಡು ಗಂಟೆ ನಿದ್ದೆ ಮಾಡಿದರೂ ದಣಿವೇ ಇಲ್ಲ, ಮಾತು ನಿಲ್ಲುವುದಿಲ್ಲ, ಒಂದೇ ದಿನ ನಾಲ್ಕು ಸೀರೆ ಖರೀದಿ, ಸಣ್ಣ ಮಾತಿಗೆ ಕೆಂಡಾಮಂಡಲ. ಕೆಲವರ ಖಿನ್ನತೆಯ ಹಿಂದೆ ಬೈಪೋಲಾರ್ ಎಂಬ, ಮನಸ್ಸು ಎರಡೂ ತುದಿಗೆ ಜೀಕುವ ಕಾಯಿಲೆ ಅಡಗಿರುತ್ತದೆ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರಬಹುದು. ಅವರಿಗೆ ಚಿಕಿತ್ಸೆಯೇ ಬೇರೆ. ನಿಮಗೆ ಹಿಂದೆ ಎಂದಾದರೂ ಹೀಗಾಗಿದ್ದರೆ, ತವರಿನಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಮನೆ ಮರ್ಯಾದೆ ಅಂತ ಮುಚ್ಚಿಟ್ಟರೆ ನಷ್ಟ ನಿಮಗೇ.

ನಾಲ್ಕು, ಜ್ವರ, ಮೈಯೆಲ್ಲ ಬೆವರು, ಕೈಕಾಲು ನಡುಕ, ಸ್ನಾಯು ಸೆಟೆದುಕೊಳ್ಳುವುದು, ಭೇದಿ, ಮಾತು ತೊದಲಿ ಗಲಿಬಿಲಿಯಾಗುವುದು ಒಟ್ಟಿಗೆ ಬಂದರೆ ಅದು ಸೆರೊಟೋನಿನ್ ಮಿತಿಮೀರಿದ ಲಕ್ಷಣ ಇರಬಹುದು. ಎರಡು ಔಷಧಿ ಒಂದಕ್ಕೊಂದು ಹೊಂದದಿದ್ದಾಗ ಹೀಗಾಗುವುದು ಹೆಚ್ಚು. ಇದಕ್ಕೆ ಮನೆಮದ್ದು ಇಲ್ಲ, 108ಕ್ಕೆ ಫೋನ್ ಮಾಡಿ. ಮುಖ, ತುಟಿ ಊದಿಕೊಂಡು ಉಸಿರು ಕಟ್ಟಿದಂತಾದರೂ ಅಷ್ಟೇ.

ಐದು, ವಯಸ್ಸಾದವರಲ್ಲಿ ಗಲಿಬಿಲಿ. ನನ್ನ ಪರಿಚಯದ ಮನೆಯೊಂದರಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿಗೆ ಯಜಮಾನರು ತೀರಿಕೊಂಡ ಮೇಲೆ ಈ ಮಾತ್ರೆ ಶುರು ಮಾಡಿದ್ದರು. ಹತ್ತು ದಿನಕ್ಕೆ ಅಜ್ಜಿ ಮಂಕಾದರು. ಮೊಮ್ಮಗಳ ಹೆಸರು ತಪ್ಪಿ ಹೇಳಿದರು, ಬಚ್ಚಲಲ್ಲಿ ತೂರಾಡಿದರು. “ಕೊರಗು ಜಾಸ್ತಿಯಾಯ್ತು” ಎಂದೇ ಮನೆಯವರು ತಿಳಿದರು. ಸೊಸೆಗೆ ಮಾತ್ರ ಸಮಾಧಾನವಾಗಲಿಲ್ಲ. ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ ತೀರಾ ಇಳಿದಿತ್ತು. ಬಿಪಿಗೆಂದು ತಗೊಳ್ಳುತ್ತಿದ್ದ, ನೀರು ಹೊರಹಾಕುವ ಮಾತ್ರೆಯೂ ಇದಕ್ಕೆ ಕೂಡಿಕೊಂಡಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು, ಮಾತ್ರೆ ಬದಲಾದ ಮೇಲೆ ಅಜ್ಜಿ ಮತ್ತೆ ಮೊದಲಿನಂತಾದರು. ಅರವತ್ತೈದು ದಾಟಿದವರಿಗೆ ಈ ಮಾತ್ರೆ ಶುರುವಾದರೆ ಸೋಡಿಯಂ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ನೀವೇ ಕೇಳಿ.

ಆರು ವಾರ ಕಳೆದರೂ ಏನೂ ಬದಲಾಗಿಲ್ಲವೇ?

ಮೊದಲ ಮಾತ್ರೆಯೇ ಎಲ್ಲರಿಗೂ ಹಿಡಿಸುತ್ತದೆ ಅಂತಿಲ್ಲ. ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮೊದಲ ಮಾತ್ರೆಯಿಂದ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಡೋಸ್ ಏರಿಸುವುದು, ಮಾತ್ರೆ ಬದಲಿಸುವುದು, ಇನ್ನೊಂದನ್ನು ಸೇರಿಸುವುದು, ಆಪ್ತ ಸಮಾಲೋಚನೆ ಹೀಗೆ ಮುಂದಿನ ಹೆಜ್ಜೆ ಬೇಕಾಯಿತು. ಆದ್ದರಿಂದ “ನನಗೆ ಯಾವ ಔಷಧಿಯೂ ನಾಟಲ್ಲ” ಅಂತ ಮೊದಲ ಸೋಲಿಗೇ ಕೈಚೆಲ್ಲಬೇಡಿ.

ಆದರೆ ಮಾತ್ರೆಯನ್ನು ದೂರುವ ಮುಂಚೆ ಇನ್ನೊಂದಿಷ್ಟು ಸಂಗತಿ ನೋಡಬೇಕು.

ಮಾತ್ರೆ ದಿನಾ ಹೊಟ್ಟೆಗೆ ಹೋಗುತ್ತಿದೆಯೇ? ಸಂಕಷ್ಟಿ, ಏಕಾದಶಿ ಅಂತ ಉಪವಾಸದ ದಿನ ಮಾತ್ರೆಗೂ ರಜೆ ಕೊಡುವವರಿದ್ದಾರೆ. ಊರಿಗೆ ಹೋದಾಗ ಡಬ್ಬಿ ಮರೆಯುವವರಿದ್ದಾರೆ. ಅತ್ತಿಗೆ ನೋಡಿಯಾರು ಅಂತ ಬಚ್ಚಿಟ್ಟು, ಬಚ್ಚಿಟ್ಟದ್ದನ್ನೇ ಮರೆಯುವವರೂ ಇದ್ದಾರೆ! ವಾರಕ್ಕೆ ಎರಡು ದಿನ ತಪ್ಪಿದರೆ ಮನಸ್ಸು ಏರುಪೇರಾಗುತ್ತದೆ. ಉಪವಾಸ ಇರುವುದಾದರೆ ಮಾತ್ರೆ ಹೇಗೆ ತಗೊಳ್ಳಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಅಂಗಡಿಯವರು ಕೊಟ್ಟದ್ದು ಸರಿಯಾದ ಮಾತ್ರೆಯೇ? “ಆ ಕಂಪನಿದು ಇಲ್ಲ ಮೇಡಂ, ಇದೂ ಅದೇ” ಅಂತ ಕೊಟ್ಟಾಗ ಒಳಗಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಎರಡೂ ಚೀಟಿಗೆ ಹೊಂದುತ್ತವೆಯೇ ನೋಡಿ. 5 ಮಿಲಿಗ್ರಾಂ ಬದಲು 10 ಬಂದರೆ ಅದು ಎರಡರಷ್ಟು ಡೋಸ್.

ದೇಹದಲ್ಲಿ ಬೇರೇನಾದರೂ ಇದೆಯೇ? ಥೈರಾಯ್ಡ್ ಕಮ್ಮಿಯಾದರೆ ಸುಸ್ತು, ಬೇಸರ, ತೂಕ ಹೆಚ್ಚುವುದು ಎಲ್ಲವೂ ಖಿನ್ನತೆಯ ಹಾಗೇ ಕಾಣುತ್ತವೆ. ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ರಕ್ತಹೀನತೆ, ಬಿ12 ಕೊರತೆ, ಅದರಲ್ಲೂ ಶುದ್ಧ ಸಸ್ಯಾಹಾರಿಗಳಲ್ಲಿ, ಇದೇ ಥರ ಮನಸ್ಸನ್ನು ಕುಗ್ಗಿಸುತ್ತವೆ. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಮುಟ್ಟಿಗೆ ಮುಂಚಿನ ವಾರ, ಮುಟ್ಟು ನಿಲ್ಲುವ ವಯಸ್ಸು, ಬಾಣಂತನ ಇವೆಲ್ಲವೂ ಏರಿಳಿತ ತರುತ್ತವೆ. ಬಸುರಿಯರು, ಹಾಲೂಡಿಸುವವರು ಹೆದರಿ ಮಾತ್ರೆ ನಿಲ್ಲಿಸಬೇಡಿ. ಕೂಡಲೇ ವೈದ್ಯರಿಗೆ ತಿಳಿಸಿ, ಯಾವುದು ಸರಿ ಅಂತ ಅವರು ತೂಗಿ ನೋಡುತ್ತಾರೆ.

ಇನ್ನೊಂದು ಮಾತು. ಮನೆಯಲ್ಲಿ ದಿನಾ ಹೊಡೆತ, ಕುಡಿತ, ಚುಚ್ಚುಮಾತು ಇದ್ದರೆ ಮಾತ್ರೆಯೊಂದೇ ಏನು ಮಾಡೀತು? ಕಾಲಿಗೆ ಮುಳ್ಳು ಚುಚ್ಚಿರುವಾಗ ಮುಲಾಮು ಮಾತ್ರ ಹಚ್ಚಿದ ಹಾಗೆ. ಅದನ್ನೂ ಡಾಕ್ಟರಿಗೆ ಹೇಳಿ. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಪ್ರಾಣಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಅದು ಹೊರಗೆ ಹೋಗುವಂತಿಲ್ಲ.

ಹೇಳಲು ಮುಜುಗರವಾಗುವ ಇನ್ನೊಂದು ವಿಷಯವೂ ಇದೆ. ಗಂಡ-ಹೆಂಡಿರ ಸಂಬಂಧದಲ್ಲಿ ಆಸಕ್ತಿ ಕುಗ್ಗುವುದು ಈ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮ. ಹಾಗೆಯೇ ಕೆಲವರಿಗೆ ಅಳುವೂ ಬರುವುದಿಲ್ಲ, ನಗುವೂ ಬರುವುದಿಲ್ಲ, ಎಲ್ಲ ಚಪ್ಪೆ ಚಪ್ಪೆ. “ನನಗೇ ಏನೋ ಆಗಿದೆ” ಅಂತ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಇದಕ್ಕೂ ಪರಿಹಾರವಿದೆ, ಕೇಳಬೇಕಷ್ಟೆ.

ಥಟ್ಟನೆ ನಿಲ್ಲಿಸಿದರೆ?

ಕೆಲವು ವಾರ ತಗೊಂಡ ಮಾತ್ರೆಯನ್ನು ಒಂದೇ ಸಲಕ್ಕೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಕೆಟ್ಟ ಕನಸು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂತೆ ಜುಂ ಎನ್ನುವುದು ಶುರುವಾಗಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಟ್ಟಾಗ ಇದು ಹೆಚ್ಚು. ಫ್ಲೂಆಕ್ಸೆಟಿನ್ ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಅದರಲ್ಲಿ ಕಡಿಮೆ. ಎಷ್ಟೋ ಜನ ಇದನ್ನೇ “ಕಾಯಿಲೆ ತಿರುಗಿ ಬಂತು” ಅಂತಲೋ “ಮಾತ್ರೆಗೆ ಅಡಿಕ್ಟ್ ಆಗಿಬಿಟ್ಟೆ” ಅಂತಲೋ ತಿಳಿಯುತ್ತಾರೆ. ಮದ್ಯಕ್ಕಾಗಿ ಹಂಬಲಿಸುವಂತೆ ಈ ಮಾತ್ರೆಗಾಗಿ ಯಾರೂ ಹಂಬಲಿಸುವುದಿಲ್ಲ. ಆದರೆ ದೇಹಕ್ಕೆ ಒಗ್ಗಿದ್ದನ್ನು ನಿಧಾನವಾಗಿ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸಮಯ ಕೊಟ್ಟು ಇಳಿಸಬೇಕು. ಹೇಗೆ ಇಳಿಸಬೇಕೆಂಬ ಲೆಕ್ಕ ಡಾಕ್ಟರದ್ದು.

ಜೊತೆಗೆ ಕೊಡುವ ನಿದ್ದೆಯ, ಆತಂಕದ ಮಾತ್ರೆ (ಕ್ಲೋನಜಪಾಮ್‌ನಂಥವು) ಮಾತ್ರ ಬೇರೆ ಜಾತಿ. ಅದು ನಿಜವಾಗಿ ಚಟವಾಗಬಲ್ಲದು. ಎಷ್ಟು ದಿನಕ್ಕೆ ಅಂತ ಬರೆದಿದ್ದಾರೋ ಅಷ್ಟೇ ದಿನ ತಗೊಳ್ಳಿ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಅದನ್ನೂ ಒಮ್ಮೆಲೇ ಬಿಡಬಾರದು.

ಹಾಲಿನ ಲೆಕ್ಕದ ಪಕ್ಕದಲ್ಲಿ ಮನಸ್ಸಿನ ಲೆಕ್ಕ

ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿಯಾಗಲಿ, ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. “ಹೇಗಿದ್ದೀರಾ?” ಅಂದಾಗ “ಪರವಾಗಿಲ್ಲ ಡಾಕ್ಟ್ರೇ” ಅಂತ ಬಾಯಿಗೆ ಬಂದುಬಿಡುತ್ತದೆ. ಹೊರಗೆ ಬಂದ ಮೇಲೆ ಎಲ್ಲ ನೆನಪಾಗುತ್ತದೆ!

ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇರುತ್ತದಲ್ಲ? ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವ ಅದೇ ಜಾಗದಲ್ಲಿ ದಿನಕ್ಕೆ ನಾಲ್ಕು ಗುರುತು ಹಾಕಿ. ಮಾತ್ರೆ ತಗೊಂಡೆನಾ, ಎಷ್ಟು ಗಂಟೆ ನಿದ್ದೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಹೊಸ ತೊಂದರೆ ಏನು. ಮುಟ್ಟಿನ ದಿನವನ್ನೂ ಗುರುತಿಸಿ. ಬೇರೆಯವರು ನೋಡುತ್ತಾರೆ ಎನ್ನುವುದಾದರೆ ಸಣ್ಣ ಡೈರಿ ಇಡಿ. ಎರಡು ವಾರದ ಲೆಕ್ಕ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. “ಒಂದು ದಿನವೂ ಚೆನ್ನಾಗಿರಲಿಲ್ಲ” ಅಂದುಕೊಂಡಿದ್ದರೆ ಅಲ್ಲಿ ಎರಡು ದಿನ ಐದು ಅಂಕ ಇರುತ್ತದೆ. ಅಥವಾ ತೊಂದರೆ ಶುರುವಾದದ್ದು ಡೋಸ್ ಏರಿಸಿದ ಮಾರನೇ ದಿನವೇ ಎಂದು ಕಾಣುತ್ತದೆ. ಡಾಕ್ಟರಿಗೆ ಬೇಕಾದದ್ದು ಇದೇ.

ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

* ಈ ತೊಂದರೆ ಮಾತ್ರೆಯದೋ, ಕಾಯಿಲೆಯದೋ?
* ಇದು ಎಷ್ಟು ದಿನ ಇರಬಹುದು? ಯಾವಾಗ ಫೋನ್ ಮಾಡಬೇಕು, ಯಾವ ನಂಬರಿಗೆ?
* ಡೋಸ್ ಇಳಿಸಬಹುದೇ, ಹೊತ್ತು ಬದಲಿಸಬಹುದೇ?
* ನಾನು ತಗೊಳ್ಳುವ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳಿಗೆ ಇದು ಹೊಂದುತ್ತದೆಯೇ?
* ಒಂದು ದಿನ ಮರೆತರೆ ಏನು ಮಾಡಬೇಕು?
* ಮಾತ್ರೆಯ ಜೊತೆಗೆ ಸಮಾಲೋಚನೆಗೂ ಹೋಗಬಹುದೇ?

ಇಷ್ಟು ಕೇಳಿದ್ದಕ್ಕೆ ಡಾಕ್ಟರು ಸಿಡುಕಿದರೆ? ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ತಪ್ಪಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ವಿಚಾರಿಸಿ. ಮನೆಯಿಂದ ಹೊರಡಲಾಗದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗಲ್ಲದಿದ್ದರೂ ಪಕ್ಕದ ಮನೆಯವರಿಗೆ ಬೇಕಾದೀತು.

ಮನೆಯವರಿಗೊಂದು ಮಾತು

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 20 ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಕಂಡವರು. ಹಾಗಾಗಿ ಇದು ಯಾರದೋ ಮನೆ ಕತೆಯಲ್ಲ. ಹೆಂಡತಿಯೋ ಸೊಸೆಯೋ ಮಾತ್ರೆ ಶುರು ಮಾಡಿದ ಮೊದಲ ತಿಂಗಳು “ನಿನ್ನೆ ನಿದ್ದೆ ಬಂತಾ?” ಅಂತ ಒಂದು ಮಾತು ಕೇಳಿ. “ಇನ್ನೂ ಎಷ್ಟು ದಿನ ಮಾತ್ರೆ?” ಅನ್ನುವುದಕ್ಕಿಂತ ಅದು ಎಷ್ಟೋ ಮೇಲು. ತನ್ನಲ್ಲಾದ ಬದಲಾವಣೆ ಅವಳಿಗೇ ಕಾಣದಿರಬಹುದು, ನಿಮಗೆ ಕಾಣುತ್ತದೆ. ಸಾಧ್ಯವಾದರೆ ಜೊತೆಗೆ ಡಾಕ್ಟರ ಹತ್ತಿರ ಹೋಗಿ. ಬದುಕು ಬೇಡ ಎನ್ನುವ ಮಾತು ಅವಳ ಬಾಯಲ್ಲಿ ಬಂದರೆ ಗದರಬೇಡಿ, ಉಪದೇಶ ಬೇಡ. ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ನಿಮ್ಮ ವಶಕ್ಕೆ ತಗೊಳ್ಳಿ, ಅವತ್ತೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಅಂದ ಹಾಗೆ, ನನ್ನ ಗೆಳತಿಯ ಕತೆ ಏನಾಯ್ತು ಅಂತೀರಾ?

ಅವಳು ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿದಳು. ಸಂಜೆ ಬರಹೇಳಿದರು. ಗಂಡನಿಗೆ ವಿಷಯ ಹೇಳದೆ ವಿಧಿಯಿರಲಿಲ್ಲ, ಹೇಳಿದಳು. ಅವರು ಬೈಯಲಿಲ್ಲ. ಆಫೀಸಿನಿಂದ ಬೇಗ ಬಂದು ಜೊತೆಗೆ ಹೋದರು. ಡಾಕ್ಟರು ಡೋಸ್ ಅರ್ಧಕ್ಕೆ ಇಳಿಸಿದರು, ಬೆಳಗಿನ ತಿಂಡಿಯ ನಂತರ ತಗೊಳ್ಳಲು ಹೇಳಿದರು, ಹತ್ತು ದಿನಕ್ಕೆ ಮಾತ್ರ ನಿದ್ದೆಗೆ ಸಣ್ಣ ಮಾತ್ರೆ ಕೊಟ್ಟರು, ನಾಲ್ಕನೇ ದಿನ ಮತ್ತೆ ಬರಹೇಳಿದರು. ಚಡಪಡಿಕೆ ಇಳಿಯಿತು. ಮನಸ್ಸು ಮಾತ್ರ ಹಾಗೇ ಇತ್ತು. ಮೂರನೇ ವಾರವೂ ಹಾಗೇ. “ಏನೂ ಪ್ರಯೋಜನವಿಲ್ಲ ಕಣೇ” ಅಂತ ಇನ್ನೆರಡು ಸಲ ಅತ್ತಳು. ಆದರೆ ಮಾತ್ರೆ ಬಿಡಲಿಲ್ಲ, ಕ್ಯಾಲೆಂಡರ್ ಗುರುತೂ ಬಿಡಲಿಲ್ಲ.

ಐದನೇ ವಾರದಲ್ಲಿ ಒಂದು ದಿನ ಅದೇ ಹನ್ನೊಂದು ಗಂಟೆಗೆ ಫೋನ್. “ಇವತ್ತು ಸಾರಿಗೆ ಒಗ್ಗರಣೆ ಹಾಕಿದೆ ನೋಡು, ಇಂಗಿನ ವಾಸನೆ ಘಮ್ ಅಂತು. ಎಷ್ಟು ತಿಂಗಳಾಗಿತ್ತೇ ನನಗೆ ವಾಸನೆ ಗೊತ್ತಾಗಿ!”

ಅವತ್ತಿನ ತಾರೀಖಿನ ಮುಂದೆ ಆರು ಅಂಕ ಬರೆದಿದ್ದಳಂತೆ. ನಿಮ್ಮ ಕ್ಯಾಲೆಂಡರಿನಲ್ಲೂ ಆ ದಿನ ಬರಲಿ. ಅಲ್ಲಿಯವರೆಗೆ ಒಂದೇ ನೆನಪಿಡಿ. ಮಾತ್ರೆ ಕಷ್ಟ ಕೊಡುತ್ತಿದ್ದರೆ ಅದನ್ನು ಮೊದಲು ಹೇಳಬೇಕಾದ್ದು ಡಾಕ್ಟರಿಗೆ, ಕಸದ ಬುಟ್ಟಿಗಲ್ಲ.